ಎರಿ (ಕಪ್ಪು) ಮಣ್ಣಿನಲ್ಲಿ ಹಳೆಯ ಟೆಕೋಮಾ ಬೇಲಿ: 63 ಅಡಿ ರಿಪೇರಿಯ ದಾಖಲೆ

ಕಲಬುರಗಿಯ ಹಳೆಯ ಮನೆಯೊಂದರ ಪೂರ್ವದ ಕಂಪೌಂಡ್ ಗೋಡೆ. ಅದರ ಒಳಮಗ್ಗುಲಿಗೆ 63 ಅಡಿ ಉದ್ದಕ್ಕೆ ಹಳದಿ ಹೂವಿನ ಬೇಲಿ, ಹೆಚ್ಚಿನವು ಟೆಕೋಮಾ ಗಿಡ, ಸುಮಾರು ಮೂರೂವರೆ ಅಡಿಗೊಂದರಂತೆ 19 ಬುಡ. ಎತ್ತರ 11ರಿಂದ 14 ಅಡಿ. ಕೆಳಗಿನ ಆರು ಅಡಿ ಬರೀ ಒಣ ಕಟ್ಟಿಗೆ, ಹೂವೆಲ್ಲ ನೆತ್ತಿಯಲ್ಲಿ. ನಡುವಿನ ಎರಡು ಗಿಡ ಎಲೆಯನ್ನೇ ಬಿಟ್ಟಿರಲಿಲ್ಲ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಮುದಿ ಆಗ್ಯಾವ್ರಿ, ಕಿತ್ತಿ ಒಗೀರಿ, ಹೊಸಾವು ಹಚ್ಚರಿ."

ಕೀಳಲಿಲ್ಲ. ಟೆಕೋಮಾ ಮುಪ್ಪಿನಿಂದ ಹೀಗೆ ಕೆಡುವ ಗಿಡವಲ್ಲ, ಬುಡ ಜೀವಂತ ಇದ್ದರೆ ಕಡಿದಷ್ಟೂ ಚಿಗುರುತ್ತದೆ. ಕೆಟ್ಟದ್ದೇನೆಂದು ಮಣ್ಣು ಅಗೆದಾಗ ಗೊತ್ತಾಯಿತು. ನಮ್ಮ ಕಡೆ ಗಿಡ ಒಣಗಿದರೆ ಬಿಸಿಲಿನ ಮೇಲೆ ಹಾಕುವುದು ರೂಢಿ. ಇಲ್ಲಿ ತಪ್ಪು ನೀರಿನದಾಗಿತ್ತು: ಮಳೆಗಾಲದಲ್ಲಿ ನಿಂತದ್ದು, ಬೇಸಿಗೆಯಲ್ಲಿ ಬಿರುಕಿನಲ್ಲಿ ಇಳಿದು ಹೋದದ್ದು, ಬೋರಿನ ಸುಣ್ಣ ಹೊತ್ತು ತಂದದ್ದು.

ಫೆಬ್ರುವರಿ 8: ಗುರುತು ಹಚ್ಚುವುದು

ಗೇಟಿನ ಕಡೆಯಿಂದ 1ರಿಂದ 19ರವರೆಗೆ ತಗಡಿನ ಚೀಟಿ ಕಟ್ಟಿದ್ದಾಯಿತು. ಎಲ್ಲಕ್ಕೂ "ಹಳದಿ ಹೂವಿನ ಗಿಡ" ಎಂದೇ ಹೆಸರಿದ್ದರೂ ಸಾಲಿನಲ್ಲಿ ಮೂರು ಜಾತಿ ಇದ್ದವು. ಒಂದರ ಕೆಲಸ ಇನ್ನೊಂದಕ್ಕೆ ನಡೆಯುವುದಿಲ್ಲ, ಹಾಗಾಗಿ ಕತ್ತರಿ ಹಿಡಿಯುವ ಮೊದಲು ಇದನ್ನು ಮುಗಿಸಬೇಕು.

ಟೆಕೋಮಾ 14: ಒಂದೇ ದಂಟಿನಲ್ಲಿ ಐದೋ ಏಳೋ ಕಿರುಎಲೆ, ಅಂಚು ಗರಗಸದ ಹಾಗೆ. ಗಂಟೆಯಾಕಾರದ ಹೂ ಗೊಂಚಲು. ಕಾಯಿ ಹುರುಳಿಕಾಯಿಯನ್ನು ಉದ್ದಕ್ಕೆ ಎಳೆದಂತೆ ತೆಳ್ಳಗೆ. ಎಲೆ ಮುರಿದರೆ ಹಾಲು ಬರುವುದಿಲ್ಲ.

ಹಳದಿ ಕಣಗಿಲೆ 3 (ನಂಬರ್ 6, 7, 13): ಕಿರಿದಾದ ಒಂಟಿ ಎಲೆ, ಮುರಿದ ಕೂಡಲೇ ಬಿಳಿ ಹಾಲು, ಮೂಲೆ ಮೂಲೆಯಾದ ಹಸಿರು ಕಾಯಿ.

ಅಲಮಂಡಾ 2 (18, 19, ನಲ್ಲಿಯ ಹತ್ತಿರ): ಒಂದು ಗಿಣ್ಣಿಗೆ ಮೂರು ನಾಲ್ಕು ಎಲೆ ಸುತ್ತುಗಟ್ಟಿರುತ್ತವೆ, ಹಾಲು ಇದಕ್ಕೂ ಉಂಟು, ಹೂವಿನ ಬಾಯಿ ಅಗಲ.

ಫೆಬ್ರುವರಿ 9, 10: ಕಡಿಯುವುದು

ಸಾಮಾನು: ಮಡಚುವ ಗರಗಸ, ಉದ್ದ ಹಿಡಿಕೆಯ ಕತ್ತರಿ, ಕೈಗತ್ತರಿ, ಕುಡಗೋಲು, ಒಂದು ಬಾಟಲಿ ಸ್ಪಿರಿಟ್. ಒಂದು ಗಿಡ ಮುಗಿದ ಮೇಲೆ ಅಲಗು ಒರೆಸಿಯೇ ಮುಂದಿನದಕ್ಕೆ ಹೋಗಬೇಕು.

ಟೆಕೋಮಾದ ಪ್ರತಿ ಬುಡದಲ್ಲಿ ಐದು ಕಾಂಡ ಇಟ್ಟು, ಉಳಿದ ಒಣಗಿದ್ದು, ಒಂದಕ್ಕೊಂದು ತಿಕ್ಕುವುದು, ಒಳಮುಖವಾಗಿ ಬೆಳೆದದ್ದನ್ನೆಲ್ಲ ಬುಡಕ್ಕೆ ತೆಗೆದದ್ದಾಯಿತು. ಇಟ್ಟ ಕಾಂಡಗಳನ್ನು 14 ಇಂಚಿಗೆ ಓರೆಯಾಗಿ ಕೊಯ್ದದ್ದು. ಕಾಂಡದ ದಪ್ಪ 2ರಿಂದ 4 ಇಂಚು. ಮೊದಲು ಮೇಲಿನ ಭಾರ ಕಡಿದು ಇಳಿಸಿ, ಆಮೇಲೆ ಕೊನೆಯ ಕೊಯ್ತ. ಒಂದೇ ಸಲಕ್ಕೆ ಕೊಯ್ದರೆ ಟೊಂಗೆ ಬೀಳುವಾಗ ತೊಗಟೆಯನ್ನು ಬುಡದವರೆಗೆ ಸುಲಿದುಕೊಂಡು ಹೋಗುತ್ತದೆ. 3ನೆಯದರಲ್ಲಿ ಹಾಗೇ ಆಯಿತು, ಒಂಬತ್ತು ಇಂಚು ಸುಲಿಯಿತು.

4ನೆಯ ಗಿಡದಲ್ಲಿ ಗರಗಸ ಕಿರುಗುಟ್ಟಿ ಹಲ್ಲು ಮುರಿಯಿತು. ಕಾಂಡದೊಳಗೆ ಎರಡು ಇಂಚು ಆಳದಲ್ಲಿ ಮುಳ್ಳುತಂತಿ! ಗೋಡೆ ಕಟ್ಟುವ ಮೊದಲು ಇಲ್ಲಿ ತಂತಿ ಬೇಲಿ ಇತ್ತು, ಗಿಡ ಅದನ್ನು ನುಂಗಿ ಬೆಳೆದಿದೆ. ಹೀಗೆ ಮೂರು ಗಿಡದಲ್ಲಿ ಸಿಕ್ಕಿತು. ಹಳೆಯ ಬೇಲಿಯಲ್ಲಿ ಗರಗಸ ಹಚ್ಚುವ ಮುನ್ನ ಕಾಂಡದ ಸುತ್ತ ಉಂಗುರದಂಥ ಗಂಟು ಇದೆಯೇ ನೋಡಿ. ಇದ್ದರೆ ಅದರ ಕೆಳಗೆ ಕೊಯ್ಯಿರಿ. ಅಲಗಿಗೆ 180 ರೂಪಾಯಿ, ಎರಡು ಬೇಕಾದವು.

8ನೆಯದನ್ನು ನೆಲದಿಂದ 4 ಇಂಚಿಗೆ ಕಡಿದದ್ದು ತಪ್ಪು. ಉಳಿದವು ಮೂರು ವಾರಕ್ಕೆ ಚಿಗುರಿದರೆ ಇದು ಏಳು ವಾರ ತೆಗೆದುಕೊಂಡಿತು, ಅದೂ ಒಂದೇ ಮಗ್ಗುಲಿಗೆ. ಮೊಗ್ಗೊಡೆಯಲು ಕಣ್ಣುಗಳಿರುವಷ್ಟು ಕಾಂಡ ಬಿಡಬೇಕು.

ಹಳದಿ ಕಣಗಿಲೆ ಮೂರನ್ನೂ ಬೇರುಸಹಿತ ತೆಗೆದದ್ದಾಯಿತು. ಇದರ ಹಾಲು, ಎಲೆ, ಎಲ್ಲಕ್ಕಿಂತ ಹೆಚ್ಚಾಗಿ ಬೀಜ, ಹೃದಯದ ಬಡಿತ ಕೆಡಿಸುವ ವಿಷ. ಗೋಡೆಯಾಚೆ ಮಕ್ಕಳು ಓಡಾಡುವ ದಾರಿ ಇದ್ದು ಕಾಯಿ ಅಲ್ಲಿಗೇ ಉದುರುತ್ತಿದ್ದವು. ಪೂಜೆಗೆ ಹೂ ಬೇಕೆನ್ನುವವರು ಮಕ್ಕಳು, ದನ ಬಾರದ ಕಡೆ ಇಟ್ಟುಕೊಳ್ಳಲಿ. ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ ಕಡ್ಡಾಯ. ನೆಲದ ಮೇಲಿನ ಬೀಜಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಬೇಕು. ಕಟ್ಟಿಗೆಯನ್ನು ಒಲೆಗೂ ಕೊಡಬಾರದು, ಬಯಲಲ್ಲೂ ಸುಡಬಾರದು.

ಫೆಬ್ರುವರಿ 11ರಿಂದ 14: ಅಗೆದಾಗ ಕಂಡದ್ದು

ಮೂವರು ಕೂಲಿಯವರು, ನಾಲ್ಕು ದಿನ, ದಿನಕ್ಕೆ ತಲಾ 650 ರೂಪಾಯಿ. ಹಾರೆ, ಗುದ್ದಲಿ, ಸಲಿಕೆ, ಪುಟ್ಟಿ. ಎರಿ ಮಣ್ಣನ್ನು ಹಿಂದಿನ ಸಂಜೆ ತೋಯಿಸಿ ಬೆಳಗ್ಗೆ ಅಗೆದರೆ ಕೆಲಸ ಸಾಗುತ್ತದೆ. ಒಣಗಿದ್ದಾಗ ಹಾರೆ ಪುಟಿಯುತ್ತದೆ, ತೀರ ಹಸಿ ಇದ್ದಾಗ ಸಲಿಕೆಗೆ ಅಂಟಿ ಬಿಡುವುದೇ ಇಲ್ಲ.

ಮೇಲಿನ 4 ಇಂಚು: ಸಿಮೆಂಟ್ ಬೆರೆತ ಮುರುಮ (ಗರಸು ಮಣ್ಣು), ಅಂಗಳಕ್ಕೆ ಪೇವರ್ ಹಾಕಿದಾಗಿನದು. ಅದರ ಕೆಳಗೆ 3ರಿಂದ 4 ಇಂಚು ಇಟ್ಟಿಗೆ ಚೂರು. ಇನ್ನೂ ಕೆಳಗೆ, 11 ಇಂಚಿನ ಆಳದಲ್ಲಿ, ಸಾಲಾಗಿ ನಿಲ್ಲಿಸಿದ ಶಹಾಬಾದ್ ಫರ್ಸಿಯ (ಹಾಸುಗಲ್ಲಿನ) ಅಂಚು. ಅದೇ ಹಳೆಯ ಮಡಿಯ ಮಟ್ಟ.

ತೋಟದ ಇತಿಹಾಸ ಈ ಪದರಗಳಲ್ಲೇ ಇತ್ತು. ಟೆಕೋಮಾದ ಮೂಲ ಬೇರುಗಳು ಫರ್ಸಿಯ ಮಟ್ಟದಲ್ಲಿ ಹರಡಿದ್ದವು, ಅಂದರೆ ಮಡಿ ಕಟ್ಟಿದಾಗಲೇ ಹಚ್ಚಿದ ಗಿಡಗಳು ಇವು. ಕಣಗಿಲೆಯ ಬೇರು ಶುರುವಾದದ್ದು ಇಟ್ಟಿಗೆ ಪದರದ ಮೇಲೆ. ಅಂತರ ಕೂಡ ಸರಿಸಮ ಇರಲಿಲ್ಲ, ಸತ್ತ ಟೆಕೋಮಾದ ಜಾಗ ತುಂಬಲು ಬಂದವು ಎನ್ನಬಹುದು. ಅಲಮಂಡಾದ ಬೇರಿಗೆ ನರ್ಸರಿಯ ಕರಿ ಪ್ಲಾಸ್ಟಿಕ್ ಚೀಲ ಹಾಗೇ ಸುತ್ತಿಕೊಂಡಿತ್ತು. ಕೊನೆಗೆ ಬಂದವು ಅವೇ, ಚೀಲ ಹರಿಯದೆ ಹೂತಿದ್ದಾರೆ. ಬೇರು ಚೀಲದೊಳಗೇ ಸುರುಳಿ ಸುತ್ತಿ ಹಗ್ಗವಾಗಿತ್ತು.

ಈ ಮೂರು ಜಾತಿಗಳೂ ಅಮೆರಿಕ ಖಂಡಗಳ ಕಡೆಯವು. ಟೆಕೋಮಾದ ನೆಲೆ ಅಮೆರಿಕ ದೇಶದ ದಕ್ಷಿಣ ಭಾಗದಿಂದ ಮೆಕ್ಸಿಕೊ ಹಾದು ಅರ್ಜೆಂಟೀನಾದವರೆಗೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1763ರಲ್ಲಿ ಇದನ್ನು ಬಿಗ್ನೋನಿಯಾ ಸ್ಟಾನ್ಸ್ ಎಂದು ಕರೆದ. ಸ್ಟಾನ್ಸ್ ಅಂದರೆ ಲ್ಯಾಟಿನ್‌ನಲ್ಲಿ ನಿಂತಿರುವುದು. ಆ ಕುಲದ ಬಹಳಷ್ಟು ಗಿಡ ಬಳ್ಳಿಗಳಾದರೆ ಇದು ತಾನೇ ನಿಲ್ಲುತ್ತದೆ. ಬೇಲಿಗೆ ಆಸರೆ ಕೋಲು ಬೇಡ ಎಂಬ ಮಾತು ಹೆಸರಲ್ಲೇ ಇದೆ. ಟೆಕೋಮಾ ಎಂಬುದು ಮೆಕ್ಸಿಕೊದ ನಾಹುವಾಟಲ್ ಭಾಷೆಯ ಶಬ್ದದಿಂದ ಬಂದದ್ದು. ಬಹಾಮಾಸ್ ದೇಶಕ್ಕೆ ಇದೇ ರಾಷ್ಟ್ರಪುಷ್ಪ. ಹಳದಿ ಕಣಗಿಲೆಯ ಥೆವೇಶಿಯಾ ಎಂಬ ಹೆಸರು 16ನೇ ಶತಮಾನದ ಫ್ರೆಂಚ್ ಪಾದ್ರಿ ಆಂದ್ರೆ ಥೆವೆಯದು. ಅಲಮಂಡಾಕ್ಕೆ 1771ರಲ್ಲಿ ಲಿನೇಯಸ್ ಕೊಟ್ಟ ಹೆಸರಿನಲ್ಲಿರುವುದು ಅಲಮಂಡ್ ಎಂಬ ಸಸ್ಯಶಾಸ್ತ್ರಜ್ಞ. ಅದು ದಕ್ಷಿಣ ಅಮೆರಿಕದ ತೇವದ ನಾಡಿನದು, ಸುಣ್ಣದ ಮಣ್ಣು ಅದಕ್ಕೆ ಆಗಿಬರುವುದಿಲ್ಲ. ಇಲ್ಲಿ 18, 19ರ ಎಲೆ ಬೆಳ್ಳಗಾದದ್ದು ಅದಕ್ಕೇ. ಎರಡನ್ನೂ ಎತ್ತಿ ಸುತ್ತಿದ ಬೇರು ಕತ್ತರಿಸಿ, ಬೀದರ್ ಕಡೆಯ ಕೆಂಪು ಮಣ್ಣು ಮತ್ತು ತೆಂಗಿನ ನಾರಿನ ಪುಡಿ ತುಂಬಿದ 16 ಇಂಚಿನ ಕುಂಡಕ್ಕೆ ಹಾಕಿದ್ದಾಯಿತು.

ಈಗ ಮುಖ್ಯ ಮಾತು. ಅಂಗಳ ರಿಪೇರಿಯಾದಾಗೆಲ್ಲ ಮಣ್ಣು ಏರಿಸಿದ್ದಾರೆ, ಗಿಡದ ಬುಡ 11 ಇಂಚು ಹೂತುಹೋಗಿದೆ. ಜೊತೆಗೆ 10, 11ರ ಹತ್ತಿರ ನೆಲ ತಗ್ಗು. ಸೆಪ್ಟೆಂಬರ್ ಮಳೆ ಅಲ್ಲಿ ನಿಲ್ಲುತ್ತದೆ, ಎರಿ ಮಣ್ಣು ಉಬ್ಬಿ ಬಾಯಿ ಮುಚ್ಚಿದ ಮೇಲೆ ನೀರು ಇಳಿಯುವ ದಾರಿಯೇ ಇಲ್ಲ. ಆ ಎರಡು ಗಿಡದ ಹೂತ ತೊಗಟೆಯನ್ನು ಬೆರಳಿಂದ ಒತ್ತಿದರೆ ಕಪ್ಪಾಗಿ ಜಾರಿತು, ಕೊಳೆತ ವಾಸನೆ. ಉಳಿದ 12ರಲ್ಲಿ ಉಗುರಿನಿಂದ ಕೆರೆದಾಗ ಹಸಿರು ಇತ್ತು.

ಮೊದಲು ಮಾಡಿದ್ದು ಪ್ರತಿ ಬುಡದ ಸುತ್ತ ಒಂದು ಅಡಿ ಮಣ್ಣು ತೆಗೆದು ಹಳೆಯ ಮಟ್ಟ ಬಿಡಿಸಿದ್ದು. ಇದು ಅರ್ಧ ಕೆಲಸ. ಪರೀಕ್ಷೆಗೆ ನೀರು ಬಿಟ್ಟರೆ ಪ್ರತಿ ತಗ್ಗೂ ಬಾವಿಯಾಗಿ ಮರುದಿನ ಬೆಳಗಿನವರೆಗೂ ಹಾಗೇ ನಿಂತಿತ್ತು. ಆಮೇಲೆ ಮೇಲಿನ ಪದರವನ್ನು ಮಡಿಯುದ್ದಕ್ಕೂ ತೆಗೆದು, ಗಿಡಗಳಿಂದ ಒಂದೂವರೆ ಅಡಿ ದೂರಕ್ಕೆ, ಅಂಗಳದ ಮಗ್ಗುಲಿಗೆ ಒಂದು ಕಾಲುವೆ ತೋಡಿದ್ದಾಯಿತು: ಅಗಲ 9 ಇಂಚು, ಆಳ 18 ಇಂಚು, ಎರಡೂ ತುದಿಯಿಂದ 10ನೆಯ ನಂಬರಿನ ಕಡೆಗೆ ಇಳಿಜಾರು, 10 ಅಡಿಗೆ 1 ಇಂಚು. ಕಣ್ಣಂದಾಜು ಬೇಡ. ಗೌಂಡಿಗಳು ಬಳಸುವ ನೀರಿನ ಲೆವಲ್ ಪೈಪ್ ಹಿಡಿದೇ ನೋಡಬೇಕು. ಕಣ್ಣಿಗೆ ಸರಿ ಕಂಡ ಒಂದು ಕಡೆ ಒಂದೂವರೆ ಇಂಚು ಉಲ್ಟಾ ಇತ್ತು. ಹತ್ತು ಇಂಚಿನವರೆಗೆ 20 ಎಂಎಂ ಖಡಿ (ಜಲ್ಲಿಕಲ್ಲು, 1,400 ರೂಪಾಯಿ), ಮೇಲೆ ಹಳೆಯ ನೆರಳು ಬಲೆ, ಅದರ ಮೇಲೆ ಹೊಸ ಮುರುಮ. ಗೋಡೆಯಲ್ಲಿ ತೂತು ಕೊರೆದು 2 ಇಂಚಿನ ಪಿವಿಸಿ ಪೈಪ್ (260) ರಸ್ತೆಯ ಗಟಾರಕ್ಕೆ, ಬಾಯಿಗೆ ಇಲಿ ಬಾರದ ಹಾಗೆ ಜಾಳಿ. ಪ್ರತಿ ಬುಡದ ತಗ್ಗಿನಿಂದ ಕಾಲುವೆಗೆ ನಾಲ್ಕು ಇಂಚಿನ ಬಾಯಿ ಬಿಡಿಸಿದ್ದಾಯಿತು.

ಬುಡದ ಸುತ್ತ ತುಂಬಿದ್ದು ಎರಿ ಮಣ್ಣು, ಮುರುಮ, ತಿಪ್ಪೆಗೊಬ್ಬರ ಸಮಪಾಲು. ಮುರುಮ ಒಂದು ಟಂಟಂ ಗಾಡಿ 900, ಗೊಬ್ಬರ ಹತ್ತು ಚೀಲ 800. ಹಳೆಯ ಮುರುಮದಲ್ಲಿ ಸಿಮೆಂಟ್ ಇದ್ದದ್ದರಿಂದ ಮತ್ತೆ ಬಳಸಲಿಲ್ಲ. ಕಟ್ಟಿಗೆ, ರಾಡಿ ಸೇರಿ ಟ್ರ್ಯಾಕ್ಟರ್ ಎರಡು ಖೇಪು, 2,400.

ಮಾರ್ಚ್: ಎರಡು ಸೋಲು

ಕಡಿದ ಟೊಂಗೆಗಳಿಂದ ಫೆಬ್ರುವರಿಯಲ್ಲೇ 40 ತುಂಡು ಹಚ್ಚಿದ್ದಾಗಿತ್ತು. ನಾಲ್ಕು ಬೇರು ಬಿಟ್ಟವು, ಚೀಲಕ್ಕೆ ಬದಲಿಸಿದಾಗ ಅವೂ ಒಣಗಿದವು. ಗಾಳಿಯಲ್ಲಿ ತೇವವೇ ಇಲ್ಲದ ದಿನಗಳಲ್ಲಿ ಬೇರಿಲ್ಲದ ತುಂಡು ಎಲೆಯಿಂದ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ, ದಿನಕ್ಕೆ ಮೂರು ಸಲ ಚಿಮುಕಿಸಿದರೂ ಸಾಲದು.

ಖಾಲಿಯಾದ 6, 7, 13, 18ಕ್ಕೆ ನರ್ಸರಿಯ ನಾಲ್ಕು ಟೆಕೋಮಾ ತಂದದ್ದು, ತಲಾ 120. ಮೂರು ಸತ್ತವು. ಕಿತ್ತು ನೋಡಿದರೆ ಚೀಲದ ಕೆಂಪು ಮಣ್ಣಿನ ಗಡ್ಡೆ ಕಲ್ಲಿನಂತೆ ಒಣಗಿದೆ, ಸುತ್ತಲಿನ ಎರಿ ಮಣ್ಣು ಹಸಿ! ಎರಡರ ನಡುವೆ ಬೆರಳು ತೂರುವಷ್ಟು ಸಂದು. ಎರಿ ಮಣ್ಣು ಒಣಗುತ್ತ ಸರಿದಾಗ ಗಡ್ಡೆಯಿಂದ ಬಿಡಿಸಿಕೊಂಡು ಹೊರಟ ಬೇರುಗಳನ್ನು ಹರಿದಿತ್ತು. ಬದುಕಿದ್ದು 13ನೆಯ ನಂಬರಿನದು ಮಾತ್ರ. ಅದರ ಗಡ್ಡೆ ಇಳಿಸುವಾಗ ಒಡೆದಿದ್ದರಿಂದ, ಮಣ್ಣನ್ನು ಬಕೆಟ್ ನೀರಿನಲ್ಲಿ ತೊಳೆದು ಬೇರು ಹರಡಿ ಹಚ್ಚಿದ್ದಾಗಿತ್ತು. ಕೆಂಪು ಮಣ್ಣಿನ ಚೀಲದ ಗಿಡವನ್ನು ಎರಿಗೆ ಹಚ್ಚುವವರು ಹೊರಗಿನ ಅರ್ಧ ಮಣ್ಣನ್ನಾದರೂ ತೊಳೆಯಿರಿ, ಅದನ್ನೂ ಮಳೆಗಾಲದಲ್ಲಿ ಮಾಡಿ.

ಏಪ್ರಿಲ್, ಮೇ: ನೀರು

16 ಎಂಎಂ ಪೈಪ್ 25 ಮೀಟರ್ (350), ಗಿಡಕ್ಕೆ ಎರಡರಂತೆ ಹನಿ ನೀರು ಬಿಡುವ 38 ಡ್ರಿಪ್ಪರ್ (190). ಮೊದಲು ಗಂಟೆಗೆ 8 ಲೀಟರಿನವು ಹಾಕಿದ್ದು ತಪ್ಪು. ಎರಿ ಮಣ್ಣು ಅಷ್ಟು ವೇಗದಲ್ಲಿ ಕುಡಿಯುವುದಿಲ್ಲ, ನೀರು ಮೇಲೆಯೇ ಹರಿದು ಹತ್ತಿರದ ಬಿರುಕು ಹುಡುಕಿ ಇಳಿದುಬಿಡುತ್ತದೆ. ಮತ್ತೆ 190 ಕೊಟ್ಟು 2 ಲೀಟರಿನವು ಹಾಕಿದ ಮೇಲೆ ಸರಿಯಾಯಿತು: ನಾಲ್ಕು ದಿನಕ್ಕೊಮ್ಮೆ ಎರಡು ಗಂಟೆ, ಗಿಡಕ್ಕೆ 8 ಲೀಟರ್, ಸೂರ್ಯ ಹುಟ್ಟುವ ಮೊದಲು.

ಬಿರುಕುಗಳನ್ನು ಮುರುಮ, ಗೊಬ್ಬರದ ಪುಡಿ ಕೂಡಿಸಿ ತುಂಬಬೇಕು, ಬರೀ ಎರಿ ಮಣ್ಣು ತುಂಬಿದರೆ ಅದೂ ಒಡೆಯುತ್ತದೆ. ಮೇಲೆ ಮೂರು ಇಂಚು ತೊಗರಿ ಹೊಟ್ಟು, ಆರು ಚೀಲ 600. ದನಕ್ಕೂ ಬೇಕಾದ್ದರಿಂದ ಬೇಸಿಗೆಯಲ್ಲಿ ದರ ಏರುತ್ತದೆ, ರಾಶಿ ಮುಗಿಯುವಾಗಲೇ ತೆಗೆದಿಡಿ. ಬುಡದಿಂದ ನಾಲ್ಕು ಇಂಚು ಬಿಟ್ಟು ಹಾಸಬೇಕು, ತೊಗಟೆಗೆ ತಾಗಿದರೆ ಮತ್ತೆ ಅದೇ ಕೊಳೆ.

ಏಪ್ರಿಲ್ ಕೊನೆಗೆ ಐದು ಗಿಡದ ಪಶ್ಚಿಮ ಮುಖದ ತೊಗಟೆ ಸೀಳಿತು. ವರ್ಷಗಟ್ಟಲೆ ನೆರಳಿನಲ್ಲಿದ್ದ ಕಾಂಡ ಒಮ್ಮೆಗೇ ಮಧ್ಯಾಹ್ನದ ಬಿಸಿಲಿಗೆ ಬಿದ್ದಿತ್ತು, ಹಿಂದಿನಿಂದ ಗೋಡೆಯ ಝಳ. ಕಡಿದ ದಿನವೇ ಸುಣ್ಣ ಬಳಿಯಬೇಕಿತ್ತು, 4 ಲೀಟರ್ ನೀರಿಗೆ 1 ಕಿಲೋ. ತಡವಾಗಿ ಬಳಿದರೂ ಸೀಳು ಮುಂದುವರಿಯಲಿಲ್ಲ. ಕಡಿಯುವ ಕೆಲಸವೇ ಜನವರಿ ಕೊನೆಗೆ ಮುಗಿದಿದ್ದರೆ ಮೇ ಹೊತ್ತಿಗೆ ಚಿಗುರು ಗಟ್ಟಿಯಾಗಿ ಕಾಂಡಕ್ಕೆ ತಾನೇ ನೆರಳಾಗುತ್ತಿತ್ತು.

ಬುಡಕ್ಕೆ ಇಪ್ಪತ್ತು ಮೂವತ್ತು ಚಿಗುರು ಬಂದವು. ಒಂದು ಅಡಿಯಾದಾಗ ಏಳೆಂಟು ಇಟ್ಟು ಉಳಿದದ್ದನ್ನು ಕೈಯಿಂದಲೇ ಕಿತ್ತದ್ದು. ಕತ್ತರಿಸಿದರೆ ಅಲ್ಲಿಂದಲೇ ಮತ್ತೆ ಎರಡು ಬರುತ್ತವೆ. ಎಳೆ ತುದಿಗೆ ಹಿಟ್ಟು ತಿಗಣೆ ಹತ್ತಿತು. ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, 1 ಮಿಲಿ ಸೋಪಿನ ದ್ರಾವಣ, ವಾರದ ಅಂತರದಲ್ಲಿ ಎರಡು ಸಲ. 10, 11 ಚಿಗುರಲೇ ಇಲ್ಲ. ಎಂಟು ವಾರ ಕಾದು ತೆಗೆದದ್ದಾಯಿತು.

ಜೂನ್: ಎಲೆ ಹಳದಿ

14ರಿಂದ 17ರವರೆಗೆ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಇದು ನೀರು ಹೆಚ್ಚಾದ ಅಥವಾ ಕಡಿಮೆಯಾದ ಹಳದಿಯಲ್ಲ, ಕಬ್ಬಿಣ ಸಿಗದ ಹಳದಿ. ಹಳೆಯ ಎಲೆ ಹಸಿರಾಗಿದ್ದು ತುದಿಯ ಎಲೆ ಬೆಳ್ಳಗಾದರೆ ಅದೇ ಗುರುತು. ಆ ಮಣ್ಣಿನ ಮೇಲೆ ವಿನೆಗರ್ ಸುರಿದರೆ ಸುಯ್ಯೆಂದು ನೊರೆ ಬಂತು, ಸುಣ್ಣ ತುಂಬಿದೆ. ಮೇಲೆಯೇ ನೀರಿನ ಟಾಕಿ, ತುಂಬಿ ಹರಿಯುವ ಬೋರಿನ ನೀರು ಅಲ್ಲಿಗೇ ಬೀಳುತ್ತಿತ್ತು.

ಮೊದಲ ತಪ್ಪು: ಗಿಡಕ್ಕೆ 50 ಗ್ರಾಂ ಫೆರಸ್ ಸಲ್ಫೇಟ್ ಬುಡಕ್ಕೇ ಹಾಕಿದ್ದು. ಸುಣ್ಣದ ಮಣ್ಣಿನಲ್ಲಿ ಅದು ತುಕ್ಕಾಗಿ ಕೂತುಬಿಡುತ್ತದೆ, ಬೇರಿಗೆ ದಕ್ಕುವುದಿಲ್ಲ. ಎರಡನೆಯದು: ಲೀಟರಿಗೆ 10 ಗ್ರಾಂ ಕಲಸಿ ಬಿಸಿಲಲ್ಲೇ ಎಲೆಗೆ ಹೊಡೆದದ್ದು. ಮರುದಿನ ಎಲೆ ತುಂಬ ಕಂದು ಚುಕ್ಕೆ, ಅಂಚು ಸುಟ್ಟಿತ್ತು. ಫಲ ಕೊಟ್ಟ ಅಳತೆ ಇದು: ಲೀಟರ್ ಮಳೆನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ (ನಿಂಬೆ ಉಪ್ಪು), ಆಮೇಲೆ 5 ಗ್ರಾಂ ಫೆರಸ್ ಸಲ್ಫೇಟ್, ಸಂಜೆ ಐದರ ಮೇಲೆ, ಹತ್ತು ದಿನಕ್ಕೊಮ್ಮೆ ಮೂರು ಸಲ. ಕಲಸಿದ ದಿನವೇ ಮುಗಿಸಬೇಕು, ನೀರು ಕಂದಾದರೆ ಚೆಲ್ಲಿ. ಮಣ್ಣಿಗೇ ಕೊಡುವುದಿದ್ದರೆ ಇಡಿಡಿಎಚ್ಎ (ಸುಣ್ಣದ ಮಣ್ಣಿನಲ್ಲೂ ಕಬ್ಬಿಣವನ್ನು ಕರಗಿದಂತೆ ಹಿಡಿದಿಡುವ ರಾಸಾಯನಿಕ) ರೂಪದ ಕಬ್ಬಿಣವೇ ಬೇಕು (ಅರ್ಧ ಕಿಲೋ 450). ಅಗ್ಗದ ಇಡಿಟಿಎ ರೂಪದ್ದು ಇಂಥ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಟಾಕಿಯ ಪೈಪನ್ನೂ ಬೇರೆ ಕಡೆ ತಿರುಗಿಸಿದ್ದಾಯಿತು. ಅದನ್ನು ಮಾಡದೆ ಎಷ್ಟು ಹೊಡೆದರೂ ಮತ್ತೆ ಮೊದಲಿನಂತೆಯೇ.

ಜುಲೈ 6: ಮತ್ತೆ 40 ತುಂಡು

ಪೆನ್ಸಿಲ್ ದಪ್ಪ, 6 ಇಂಚು, ಈ ವರ್ಷದ ಅರೆಬಲಿತ ಟೊಂಗೆ. ಕೆಳಗೆ ಗಿಣ್ಣಿಗೆ ಹತ್ತಿಕೊಂಡು ಕೊಯ್ತ, ಮೇಲೆ ಎರಡು ಎಲೆ, ಅವನ್ನೂ ಅರ್ಧ ಕತ್ತರಿಸಿ. ಬೇರು ಬರಿಸುವ ಪುಡಿ (120) ಮುಟ್ಟಿಸಿ, ತೊಳೆದ ಮರಳು ಮತ್ತು ತೆಂಗಿನ ನಾರಿನ ಪುಡಿಯಲ್ಲಿ (250) ಎರಡು ಇಂಚು ಆಳಕ್ಕೆ. ಮೇಲೆ ಪ್ಲಾಸ್ಟಿಕ್ ಹಾಳೆಯ ಗುಡಿಸಲು, ನೆರಳಿನಲ್ಲಿ. ಐದು ವಾರಕ್ಕೆ 26 ಬೇರು ಬಿಟ್ಟವು. ಚೀಲ ತುಂಬಿದ್ದು ತೋಟದ್ದೇ ಮಿಶ್ರಣದಿಂದ, ಕೆಂಪು ಮಣ್ಣು ಒಂದು ಹಿಡಿಯೂ ಇಲ್ಲ. ಅಕ್ಟೋಬರ್ 5ರಂದು, ಮಳೆ ಇಳಿದ ಮೇಲೆ, 6, 7, 10, 11, 18, 19ಕ್ಕೆ ಹಚ್ಚಿದ್ದಾಯಿತು. ಸೆಪ್ಟೆಂಬರಿನ ದೊಡ್ಡ ಮಳೆಗೆ 10ರ ಹತ್ತಿರ ನಿಂತ ನೀರು ಎರಡು ಗಂಟೆಯಲ್ಲಿ ಪೈಪಿನಿಂದ ಹೋಗಿತ್ತು, ಅದನ್ನು ನೋಡಿಯೇ ಆ ಜಾಗಕ್ಕೆ ಗಿಡ ಕೊಟ್ಟದ್ದು.

ಹೂ, ಕಾಯಿ

ಮೊದಲ ಗೊಂಚಲು ಜುಲೈ ಕೊನೆಗೆ, ಅಕ್ಟೋಬರಿನಲ್ಲಿ ಮುಡಿತುಂಬ. ಟೆಕೋಮಾ ಹೊಸ ಚಿಗುರಿನ ತುದಿಗೇ ಹೂ ಬಿಡುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಪೆಟ್ಟಿಗೆಯಂತೆ ಸಮ ಕತ್ತರಿಸುವವರ ಬೇಲಿಯಲ್ಲಿ ಹೂವೇ ಇರುವುದಿಲ್ಲ, ಮೊಗ್ಗೆಲ್ಲ ಕತ್ತರಿಗೆ ಹೋಗಿರುತ್ತದೆ. ಒಂದು ಅಲೆ ಹೂ ಮುಗಿದ ಮೇಲೆ ಗೊಂಚಲಿನ ಕೆಳಗಿನ ಎರಡು ಜೋಡಿ ಎಲೆವರೆಗೆ ತೆಗೆದರೆ ಆರೇಳು ವಾರಕ್ಕೆ ಮುಂದಿನ ಅಲೆ.

ಕಾಯಿ ಹಸಿರಿರುವಾಗಲೇ ಕಿತ್ತುಬಿಡಿ. ಇದರಲ್ಲಿ ಉದಾಸೀನ ಸಲ್ಲದು. ಕಾಯಿ ಉಳಿದರೆ ಹೂ ನಿಲ್ಲುತ್ತದೆ, ಒಣಗಿ ಬಿರಿದರೆ ಕಾಗದದಂಥ ರೆಕ್ಕೆಯ ಬೀಜ ಗಾಳಿಗೆ ಹಾರಿ ಗಟಾರ, ಗೋಡೆಯ ಸಂದು, ಪಕ್ಕದ ಖಾಲಿ ಜಾಗದಲ್ಲೆಲ್ಲ ಹುಟ್ಟುತ್ತದೆ. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ತೋಟಕ್ಕೆಂದು ತಂದ ಇದೇ ಗಿಡ ಕಳೆಯಾಗಿ ಹಬ್ಬಿದೆ. ಈ ಗೋಡೆಯ ಬಿರುಕಿನಿಂದಲೇ 31 ಸಸಿ ಕಿತ್ತದ್ದು, ಅದರಲ್ಲಿ ಎರಡರ ಬೇರು ಕಲ್ಲನ್ನು ಸರಿಸಿತ್ತು.

ಲೆಕ್ಕ

ಕೂಲಿ 7,800 ಸೇರಿ ಒಟ್ಟು 16,690 ರೂಪಾಯಿ. ಇದರಲ್ಲಿ ನೇರ ದಂಡ: ಸತ್ತ ಮೂರು ನರ್ಸರಿ ಗಿಡ 360, ಬದಲಿಸಿದ ಡ್ರಿಪ್ಪರ್ 190, ಮುರಿದ ಅಲಗು 180. ಫೆರಸ್ ಸಲ್ಫೇಟ್ ಕಿಲೋಗೆ 80, ನಿಂಬೆ ಉಪ್ಪು 60. ಬುಡಕ್ಕೆ ಸುರಿದಷ್ಟು ಹಾಳು.

ಡಿಸೆಂಬರ್: ಉಳಿದದ್ದು

14, 15, 16 ಹಸಿರಾಗಿವೆ. 17 ಇನ್ನೂ ಹಳದಿ. ಒಂದೂವರೆ ಅಡಿ ಕೆಳಗೆ ಹಾರೆಗೆ ಹಳೆಯ ಗಾರೆಯ ಗುಡ್ಡೆ ತಾಗಿದೆ, ಟಾಕಿ ಕಟ್ಟಿದಾಗ ಸುಣ್ಣ ಕಲಸಿದ ಜಾಗ ಇರಬೇಕು. ಬೇರು ಅದರೊಳಗೇ ಹೊಕ್ಕಿದೆ. ಜನವರಿ ಕೊನೆಯ ವಾರ ಇದೊಂದನ್ನು 14 ಇಂಚಿಗೆ ಇಳಿಸಿ, ಒಂದು ಮಗ್ಗುಲಿನ ಗಾರೆ ಮಾತ್ರ ಒಡೆದು ತೆಗೆದು ಮಿಶ್ರಣ ತುಂಬುವುದು. ಇನ್ನೊಂದು ಮಗ್ಗುಲು ಮುಂದಿನ ಮಳೆಗಾಲಕ್ಕೆ. ಎರಡೂ ಕಡೆ ಒಟ್ಟಿಗೇ ಅಗೆದರೆ ಗಿಡ ನಿಲ್ಲುವುದಿಲ್ಲ.